ಶೋಕೇಸಿನಲ್ಲಿ ಒಂದು ಸಂತೆಯ ದಿನ

ನೀಲಕ್ಕ, ನೀವು ಮಸ್ಕತ್ತಿಗೆ ಹೋಗುವ ವಿಷಯ ಹಂಸಭಾವಿಗೆ, ನಿಮ್ಮ ಗಂಡನ ಮನೆಗೆ, ಮುಟ್ಟಿದ್ದು ನಿಮ್ಮ ಅಕ್ಕ ಗಂಗವ್ವನಿಂದ ಅಲ್ಲ. ನನ್ನಿಂದ. ಹತ್ತು ವರ್ಷದ ಮೇಲಾಯಿತು, ನೀವು ಅಕ್ಕನೊಂದಿಗೆ ಮಾತು ಬಿಟ್ಟು. ಅಷ್ಟೂ ದಿನ ನಾನು ಸವಣೂರಿನ ಇದೇ ಸ್ಟುಡಿಯೋದಲ್ಲಿ ಕುಳಿತು ಸುಮ್ಮನೆ ನೋಡಿದ್ದೇನೆ.

ಆಗ ನೀವು ನಮ್ಮ ಸ್ಟುಡಿಯೋದ ಎದುರಿನ ದವಾಖಾನೆಯಲ್ಲಿ ನರ್ಸ್ ಆಗಿದ್ದಿರಿ. ಗಂಡನ ಹೊಡೆತ ತಾಳದೆ ಹಂಸಭಾವಿ ಬಿಟ್ಟು, ಮಗಳು ಸುಜಾತಾಳನ್ನು ಕಟ್ಟಿಕೊಂಡು ಬಂದವರು. ಒಂದು ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತು ನೋಡಿ ಒಳಗೆ ಬಂದು ಪಾಸ್‌ಪೋರ್ಟಿಗೆ ಫೋಟೋ ಬೇಕು ಎಂದಿರಿ. ಎರಡು ವರ್ಷ ದುಡಿದು ಬರುವುದು, ಅಲ್ಲಿಯವರೆಗೆ ಮಗಳನ್ನು ತಡಸದಲ್ಲಿ ಅಕ್ಕನ ಮನೆಯಲ್ಲಿ ಬಿಡುವುದು ಎಂದು ಎಲ್ಲವನ್ನೂ ಹೇಳಿದಿರಿ. ನಾನು ಕೇಳಿರಲಿಲ್ಲ. ಆದರೂ ಹೇಳಿದಿರಿ, ನಂಬಿಕೆಯಿಂದ. ಹೋಗುವಾಗ ಬಾಗಿಲಲ್ಲಿ ನಿಂತು ಒಂದೇ ಮಾತು ಅಂದಿರಿ—

"ಹಂಸಭಾವ್ಯಾಗ ಗೊತ್ತಾಗಬಾರದ್ರಿ. ಗೊತ್ತಾದ್ರ ಮಗಳನ್ನ ಕರಕೊಂಡು ಹೋಗಿ ಕುಂಡ್ರಿಸಿಕೋತಾರ."

ಆಯಿತು ಎಂದೆ. ಅಂದದ್ದು ಸುಳ್ಳಲ್ಲ, ಆ ಹೊತ್ತಿಗೆ.

ಆ ಫೋಟೋ ತೆಗೆಯುವುದು ನನಗೂ ಹೊಸತಾಗಿತ್ತು. ಮೊದಲು ನವಿಲು, ಮೆಟ್ಟಿಲು ಬರೆದ ಪರದೆಯ ಮುಂದೆ ಕೂರಿಸಿ, ತಲೆ ಮೇಲೆ ಸೆರಗು ಇದ್ದರೂ ನಡೆಯುತ್ತಿತ್ತು. ಈಗ ಹಾಗಿಲ್ಲ, ಹಿಂದೆ ಬಿಳಿ ಇರಬೇಕು, ಸೆರಗು ತೆಗೆಯಬೇಕು, ಎರಡೂ ಕಿವಿ ಕಾಣಬೇಕು ಎಂದು ಹುಬ್ಬಳ್ಳಿಯ ಏಜೆಂಟ್ ನಿಮಗೆ ಹೇಳಿ ಕಳಿಸಿದ್ದ. ಮನೆಯಿಂದ ಒಗೆದ ಧೋತರ ತಂದು ಗೋಡೆಗೆ ಬಿಗಿದೆ. ಪರಪುರುಷನ ಮುಂದೆ ಸೆರಗು ಇಳಿಸಿ ಕೂರಲು ನೀವು ಎಷ್ಟು ಮುದುಡಿದ್ದಿರಿ— ಅದೂ ನೆನಪಿದೆ. ಇನ್ನೊಂದು: ಹೆಂಗಸರ ಫೋಟೋದಲ್ಲಿ ಮಚ್ಚೆ, ಕಲೆ ಇದ್ದರೆ ನಾನು ಪೆನ್ಸಿಲ್ಲಿನಿಂದ ನೆಗೆಟಿವ್ ಮೇಲೆ ತಿದ್ದಿ ಅಳಿಸಿಬಿಡುತ್ತಿದ್ದೆ. ಕೇಳದಿದ್ದರೂ ಅಳಿಸುತ್ತಿದ್ದೆ, ನಮ್ಮ ಕೈಚಳಕ ಅದು. ಇದಕ್ಕೆ ತಿದ್ದುವಂತಿಲ್ಲ, ಗುರುತಿನ ಮಚ್ಚೆ ಇದ್ದದ್ದು ಇದ್ದಂತೆಯೇ ಬರಬೇಕು ಎಂದಿದ್ದರು. ನಿಮ್ಮ ಗದ್ದದ ಎಡಕ್ಕಿದ್ದ ಮಚ್ಚೆ ಹಾಗೇ ಉಳಿಯಿತು.

ಫೋಟೋ ಚೆನ್ನಾಗಿ ಬಂತು. ನನ್ನ ಗ್ರಹಚಾರ ಎನ್ನಬಹುದಿತ್ತು, ಎನ್ನುವುದಿಲ್ಲ. ಅದು ನನ್ನ ಜಂಬ. ನೀವು ಅರ್ಜಿ ಕೊಡಲು ಹೋದ ದಿನ ಸವಣೂರಿನ ಸಂತೆ. ಆ ದಿನ ಸುತ್ತಿನ ಹಳ್ಳಿಯವರು ನನ್ನ ಶೋಕೇಸ್ ಮುಂದೆ ನಿಂತು ಯಾರ ಫೋಟೋ ಬಂದಿದೆ ಎಂದು ನೋಡಿಯೇ ಮುಂದೆ ಹೋಗುತ್ತಿದ್ದರು. ನಾನು ನಿಮ್ಮ ಫೋಟೋವನ್ನು ದೊಡ್ಡದು ಮಾಡಿ ನಡುವೆ ಇಟ್ಟೆ. ಕೆಳಗೆ 'ಹೊಸ ನಿಯಮದಂತೆ ಪಾಸ್‌ಪೋರ್ಟ್ ಫೋಟೋ ತೆಗೆಯಲಾಗುವುದು' ಎಂದು ಬರೆದ ರಟ್ಟು. ಒಂದೇ ದಿನ, ಸಂಜೆ ನೀವು ಬಸ್ಸಿಳಿಯುವುದರೊಳಗೆ ತೆಗೆದರಾಯಿತು ಎಂದುಕೊಂಡೆ. ಅಂದರೆ ನಿಮಗೆ ಕಾಣಬಾರದು ಎಂಬುದು ನನಗೆ ಗೊತ್ತಿತ್ತು. ಇಷ್ಟು ಬರೆದ ಮೇಲೆ, ತಿಳಿಯದೆ ಮಾಡಿದೆ ಎಂದು ಹೇಳಲು ಬಾಯಿ ಬರುವುದಿಲ್ಲ.

ಊಟದ ಹೊತ್ತಿಗೆ ಎತ್ತಿನ ಹಗ್ಗ ಹೆಗಲಿಗೆ ಹಾಕಿಕೊಂಡ ಒಬ್ಬ ಆಳು ಗಾಜಿಗೆ ಮುಖ ಹಚ್ಚಿ ನೋಡುತ್ತಿದ್ದ. ಒಳಗೆ ಬಂದು ಕೇಳಿದ.

"ಗದ್ದದ ಮ್ಯಾಲ ಮಚ್ಚಿ ಐತಲ್ರಿ, ಇವರು ನಮ್ಮ ವೈನಿ ಅಲ್ಲೇನ್ರಿ? ಎಲ್ಲಿಗೆ ಹೊಂಟಾರ?"

ಅಣ್ಣನ ಹೆಂಡತಿಯನ್ನು ವೈನಿ ಅನ್ನುತ್ತಿದ್ದಾನೆ, ಅಂದರೆ ಇವನು ನಿಮ್ಮ ಮೈದುನ— ಅಷ್ಟು ಹೊಳೆಯಬೇಕಿತ್ತು. ಹೊಳೆಯುವ ಮೊದಲೇ ನನ್ನ ಬಾಯಿ ಓಡಿತು. "ಮಸ್ಕತ್ತಿಗೆ ಹೊಂಟಾರ್ರಿ" ಎಂದೆ, ನಾನೇ ಟಿಕೆಟ್ಟು ತೆಗೆಸಿದವನ ಹಾಗೆ.

ಅವನು ಸಂತೆಯತ್ತ ನಡೆದ. ಹೋದ ಮೇಲೆ ಫೋಟೋ ತೆಗೆದು ಒಳಗಿಟ್ಟೆ. ನಾಲ್ಕು ದಿನಕ್ಕೆ ನಿಮ್ಮ ಗಂಡ ಶಾಲೆಯ ಬಾಗಿಲಿಗೇ ಬಂದು ಸುಜಾತಾಳನ್ನು ಕರೆದುಕೊಂಡು ಹೋದ. ಹಿರಿಯರು ಕೂತು ಮಾತಾಡಿದರು. ಪರದೇಶದ ಮಾತು ಬಿಟ್ಟರೆ ಮಗಳು ನಿನ್ನ ಹತ್ತಿರ, ಇಲ್ಲವಾದರೆ ಇಲ್ಲ ಎಂದರು. ನೀವು ಬಿಟ್ಟಿರಿ. ಮಗಳು ಬಂದಳು. ಆಮೇಲೆ ಟಪಾಲಿನಲ್ಲಿ ಬಂದ ಪಾಸ್‌ಪೋರ್ಟನ್ನು ಟ್ರಂಕಿನ ತಳಕ್ಕೆ ಹಾಕಿದೆ ಎಂದು ನೀವೇ ಹೇಳಿದ್ದಿರಿ.

ಪಾಸ್‌ಪೋರ್ಟಿನ ವಿಚಾರಣೆಗೆ ಬರುವ ಪೊಲೀಸರು ಓಣಿಯಲ್ಲಿ ಕೇಳುತ್ತಾರೆ, ಅವರಿಂದ ಸುದ್ದಿ ಹೊರಬಿದ್ದರೆ ಹೇಗೆ ಎಂದು ನೀವು ಹೆದರಿದ್ದಿರಿ. ಬಂದ ಪೊಲೀಸಪ್ಪ ದವಾಖಾನೆಯಲ್ಲಿ ಇಬ್ಬರನ್ನು ಮೆಲ್ಲಗೆ ಕೇಳಿ ಹೋದನಂತೆ, ಅದೂ ಮಗಳನ್ನು ಕರೆದೊಯ್ದ ಮೇಲೆ. ಹುಬ್ಬಳ್ಳಿಯ ಏಜೆಂಟನಿಗೆ ಹಂಸಭಾವಿಯವರ ಗುರುತೇ ಇಲ್ಲ. ಅಂದ ಮೇಲೆ ಮೊದಲೇ ಗೊತ್ತಿದ್ದವರು ಇಬ್ಬರೇ, ಅಕ್ಕ ಮತ್ತು ನಾನು. ನೀವು ಬಂದು ನನ್ನನ್ನು ಕೇಳಿದಿರಿ, ಹಂಸಭಾವಿಯವರು ಯಾರಾದರೂ ಇಲ್ಲಿಗೆ ಬಂದಿದ್ದರೇ ಎಂದು. ನಾನು "ಇಲ್ರಿ" ಎಂದೆ. ಆ ಒಂದು 'ಇಲ್ರಿ'ಯಿಂದ ಅನುಮಾನಕ್ಕೆ ಅಕ್ಕ ಒಬ್ಬರೇ ಉಳಿದರು. ಅದು ನನಗೆ ಅಲ್ಲೇ ತಿಳಿಯಿತು, ನಿಮ್ಮ ಮುಖದಲ್ಲೇ ಕಂಡಿತು— ಆದರೂ ಬಾಯಿ ಬಿಡಲಿಲ್ಲ. ಅಂಗಡಿಯ ಹೆಸರು ಕೆಡುತ್ತದೆ ಎಂಬ ಭಯ. ಹೆಣ್ಣುಮಕ್ಕಳ ಫೋಟೋ ತೆಗೆಯುವವನಿಗೆ ಹೆಸರೇ ಬಂಡವಾಳ.

ಒಮ್ಮೆ ಗಂಗವ್ವ ನಿಮ್ಮನ್ನು ಕಾಣಲು ಬಂದಿದ್ದರು. ದವಾಖಾನೆಯ ಬಾಗಿಲಲ್ಲಿ ನೀವು ಮುಖ ತಿರುಗಿಸಿ ಒಳಗೆ ಹೋದದ್ದು ನನಗೆ ಇಲ್ಲಿಂದಲೇ ಕಂಡಿತು. ಅವರು ನಮ್ಮ ಕಟ್ಟೆಗೆ ಬಂದು ಕುಳಿತು ನೀರು ಕೇಳಿದರು. ಮಡಿಲಲ್ಲಿ ಸುಜಾತಾಳಿಗೆ ತಂದ ಉಂಡಿಯ ಗಂಟು. "ನಮ್ಮ ನೀಲಾಗ ನಾ ಏನ್ ಮಾಡೇನೋ ಯಪ್ಪಾ, ಹೇಳವಲ್ಲಳು" ಅಂದರು. ನಾನು ನೀರು ಕೊಟ್ಟೆ. ಅಷ್ಟೇ ಕೊಟ್ಟೆ.

ಆಮೇಲೆ ನಿಮಗೆ ಶಿಗ್ಗಾಂವಿಗೆ ಬದಲಿ ಆಯಿತು. ನನಗೆ ಹಗುರಾಯಿತು. ಎದುರಿಗೆ ನೀವು ಕಾಣದಿದ್ದರೆ ಆಯಿತಲ್ಲ.

ಹೋದ ತಿಂಗಳು ಸುಜಾತಾಳನ್ನು ಕರೆದುಕೊಂಡು ಬಂದಿರಿ. ಅವಳೂ ನರ್ಸ್ ಆಗಿದ್ದಾಳೆ, ಅದೇ ಮಸ್ಕತ್ತು. ಈ ಸಲ ಏಜೆಂಟ್ ಬಣ್ಣದ ಫೋಟೋ ಕೇಳಿದ್ದಾನೆ. ರೋಲು ತೊಳೆಯಲು ಹುಬ್ಬಳ್ಳಿಗೇ ಹೋಗಬೇಕು. ಶಿಗ್ಗಾಂವಿಯಲ್ಲೇ ಸ್ಟುಡಿಯೋ ಇರುವಾಗ ಇಷ್ಟು ದೂರ ಯಾಕೆ ಬಂದಿರಿ ಎಂದು ಕೇಳಿದೆ. ನೀವು ಮಗಳು ತಲೆ ಬಾಚಿಕೊಳ್ಳುವುದನ್ನು ನೋಡುತ್ತ ಅಂದಿರಿ—

"ನೀವಂದ್ರ ನಂಬಿಕಿ ಐತ್ರಿ. ನಮ್ಮ ಅಕ್ಕಗ ಮಾತ್ರ ತಿಳೀಬಾರದು."

ರೋಲನ್ನು ಯಾರ ಕೈಗೂ ಕೊಡಲಿಲ್ಲ. ನಾನೇ ಹುಬ್ಬಳ್ಳಿಗೆ ಹೋಗಿ, ತೊಳೆದು ಕೊಡುವತನಕ ಅಲ್ಲೇ ಕುಳಿತು, ಪ್ರಿಂಟನ್ನೂ ನೆಗೆಟಿವನ್ನೂ ತಂದು ಅವಳ ಕೈಗೆ ಕೊಟ್ಟೆ. ಇದರಿಂದ ಏನಾದರೂ ತೀರಿತು ಎಂದು ಹೇಳುತ್ತಿಲ್ಲ. ಅವತ್ತು ಮಾಡಬೇಕಾಗಿದ್ದ ಕೆಲಸ ಅದು.

ಸುಜಾತಾ ಹೊರಡಲು ಇನ್ನೂ ಸಮಯವಿದೆ. ಹಂಸಭಾವಿಯವರು ಇನ್ನು ಅವಳನ್ನು ತಡೆಯಲಾರರು. ಆದರೆ ದೊಡ್ಡವ್ವ ಗಂಗವ್ವನ ಕಾಲಿಗೆ ಬೀಳದೆ ಅವಳು ಹೋದರೆ ಅದು ನಾನು ಮಾಡಿದ ಮತ್ತೊಂದು ತಪ್ಪು. ನಾಳೆ ಇದನ್ನು ಶಿಗ್ಗಾಂವಿಗೆ ತಂದು ನಿಮ್ಮ ಕೈಗೇ ಕೊಡುತ್ತೇನೆ. ನೀವು ಓದಿ ಮುಗಿಸುವವರೆಗೆ ಬಾಗಿಲಲ್ಲಿ ನಿಂತಿರುತ್ತೇನೆ. ಏನು ಅನ್ನಬೇಕೋ ಅನ್ನಿರಿ, ಓಣಿಗೆಲ್ಲ ಕೇಳುವಂತೆ ಅನ್ನಿರಿ. ಕ್ಷಮಿಸಿ ಎಂದು ಕೇಳುವುದಿಲ್ಲ. ಬೈದು ಮುಗಿದ ಮೇಲೆ ಮಗಳನ್ನು ಕರೆದುಕೊಂಡು ತಡಸದ ಬಸ್ಸು ಹತ್ತಿರಿ, ನೀಲಕ್ಕ. ಗಂಗವ್ವ ಯಾರಿಗೂ ಹೇಳಿರಲಿಲ್ಲ.