ಅರ್ಧ ಹುಬ್ಬಿನ ಹಚ್ಚೆ

ಚಿಕ್ಕಂದಿನಲ್ಲಿ ಒಲೆಯ ಕೆಂಡ ಸಿಡಿದು ನನ್ನ ಎಡಹುಬ್ಬಿನ ಅರ್ಧ ಸುಟ್ಟುಹೋಯಿತು. ಅಲ್ಲಿ ಮತ್ತೆ ಕೂದಲು ಬರಲಿಲ್ಲ. ಅವ್ವ ದಿನಾ ಬೆಳಿಗ್ಗೆ ಬೆರಳಿಗೆ ಕಾಡಿಗೆ ಹಚ್ಚಿಕೊಂಡು ಆ ಅರ್ಧವನ್ನು ತೀಡುತ್ತಿದ್ದಳು. ಅವಳು ತೀರಿಕೊಂಡ ಮೇಲೆ ನಾನು ಬೆಳಗಾವಿಯಲ್ಲಿ ಬಾಡಿಗೆ ಖೋಲಿ ಹಿಡಿದು, ಊರ ಹೊರಗಿನ ಮಚ್ಛೆಯ ಕಾರ್ಖಾನೆಯೊಂದರಲ್ಲಿ ನಟ್ಟು-ಬೋಲ್ಟು ಡಬ್ಬಿಗೆ ತುಂಬುವ ಕೆಲಸಕ್ಕೆ ಸೇರಿದೆ. ನಾನೇ ತೀಡಿಕೊಂಡ ಹುಬ್ಬು ಒಂದು ದಿನ ಮೇಲೆ, ಒಂದು ದಿನ ಕೆಳಗೆ. ಬೇಸತ್ತು, ೧೯೮೦ರ ಆಸುಪಾಸಿನಲ್ಲಿ, ಖಾನಾಪುರದ ಸಂತೆಯಲ್ಲಿ ಹಚ್ಚೆ ಹಾಕುವ ಅಜ್ಜಿಯ ಮುಂದೆ ಹೋಗಿ ಕುಳಿತೆ.

ಸೂಜಿ ಮುಟ್ಟುವ ಮೊದಲೇ ಅಜ್ಜಿ ಕೇಳಿದಳು: "ಬಾವು ಬರತೈತಿ, ಹಕ್ಕಳಿ ಕಟ್ಟತೈತಿ, ಆಮ್ಯಾಲ ಭಾಳ ತುರಸತೈತಿ. ನಿದ್ದ್ಯಾಗ ಕೆರಕೊಂಡ್ರ ಎಲ್ಲಾ ಕೆಡತೈತಿ. ಕೈ ಹಿಡ್ಯಾಕ ಮನ್ಯಾಗ ಯಾರರೆ ಅದಾರೇನವಾ? ಇಲ್ಲಂದ್ರ ಮಾರಿಗೆ ನಾ ಚುಚ್ಚಂಗಿಲ್ಲ."

"ಅದಾರ ತಗೋರಿ," ಅಂದೆ. ಸಂತೆಯ ಮಂದಿಯ ಮುಂದೆ ಯಾರೂ ಇಲ್ಲ ಅನ್ನಲು ನನ್ನ ಸೊಕ್ಕು ಬಿಡಲಿಲ್ಲ.

ಮರುದಿನ ಕಣ್ಣು ಅರ್ಧ ಮುಚ್ಚುವಷ್ಟು ಬಾವು. ಕಾರ್ಖಾನೆಯಲ್ಲಿ ಕೇಳಿದವರಿಗೆ ಜಾರಿ ಬಿದ್ದೆ ಅಂತ ಹೇಳಲು ಸಜ್ಜಾಗಿ ಹೋದೆ. ಒಬ್ಬರೂ ಕೇಳಲಿಲ್ಲ. ಸಂಜೆ ಅರಿಷಿಣ-ಎಣ್ಣೆ ಹಚ್ಚಿಕೊಳ್ಳುವಾಗ ಅದಕ್ಕೇ ಅಳು ಬಂತು, ನೋವಿಗಲ್ಲ. ಮೂರನೆಯ ದಿನ ಬಾವು ಇಳಿದು ಹುಬ್ಬು ಕರ್ರಗಾಯಿತು, ಬಾಣಲೆಯ ತಳದ ಹಾಗೆ. ಐದನೆಯ ದಿನ ತುರಿಕೆ ಶುರುವಾಯಿತು. ಬಲಗೈಗೆ ಅವ್ವನ ಹಳೆಯ ಸೀರೆಯ ತುಂಡು ಸುತ್ತಿಕೊಂಡು ಮಲಗಿದೆ. ಬೆಳಿಗ್ಗೆ ನೋಡಿದರೆ ಬಟ್ಟೆ ಬಿಚ್ಚಿಹೋಗಿತ್ತು, ಹಕ್ಕಳೆಯ ಒಂದು ಚೂರು ತಲೆದಿಂಬಿನ ಮೇಲಿತ್ತು.

ಉಳಿದ ಹಕ್ಕಳೆ ತಾನೇ ಉದುರಿತು. ಕೆಳಗೆ ಬಣ್ಣವೇ ಇಲ್ಲದಂತೆ ಕಂಡು ಗಾಬರಿಯಾದೆ. ತಿಂಗಳಾಗುವಷ್ಟರಲ್ಲಿ ಹಚ್ಚೆಯ ಹಸಿರು ಮೆಲ್ಲಗೆ ಮೇಲೆ ಬಂತು. ಹುಬ್ಬು ಚೆನ್ನಾಗಿಯೇ ಕೂತಿತ್ತು. ತುದಿಯಲ್ಲಿ ಮಾತ್ರ, ಕೆರೆದುಕೊಂಡಲ್ಲಿ, ಜೋಳದ ಕಾಳಿನಷ್ಟು ಜಾಗ ಬೋಳು.

ತುಂಬಿಸಿಕೊಳ್ಳೋಣವೆಂದು ಮತ್ತೆ ಖಾನಾಪುರಕ್ಕೆ ಹೋದೆ. ಅಜ್ಜಿ ಗದ್ದ ಹಿಡಿದೆತ್ತಿ, ಹೆಬ್ಬೆರಳಿನಿಂದ ಹುಬ್ಬನ್ನು ತೀಡಿ ನೋಡಿದಳು. ಅವ್ವ ಹೋದ ಮೇಲೆ ನನ್ನ ಮುಖ ಮುಟ್ಟಿದವರು ಅವಳೊಬ್ಬಳೇ.

"ಕೆರಕೊಂಡೀದಿ. ಕೈ ಹಿಡ್ಯಾವ್ರು ಎಲ್ಲಿಗೆ ಹೋಗಿದ್ರು?"

"ಅವರಿಗೂ ನಿದ್ದಿ ಹತ್ತಿತ್ರಿ."

"ಹಂಗಾರ ಮುಂದಿನ ಸಂತಿಗೆ ಅವರನ್ನೂ ಕರಕೊಂಡು ಬಾ. ಅವರಿಗೆ ನಾ ತಿಳಿಸಿ ಹೇಳ್ತೇನಿ, ಆಮ್ಯಾಲ ಚುಚ್ಚೂಣು."

ಆಗಲಿ ಅಂದು ಎದ್ದು ರೈಲು ಹತ್ತಿದೆ. ಕರೆದೊಯ್ಯಲು ಯಾರೂ ಸಿಗಲಿಲ್ಲ. ಆ ಕಾಳಿನಷ್ಟು ಜಾಗಕ್ಕೆ ಇವತ್ತಿಗೂ ನಾನೇ ಕಾಡಿಗೆ ತೀಡುತ್ತೇನೆ.