ಕರೆಂಟ್ ಹೋಗದ ಶೆಡ್ಡು

ಮಾರೇನಹಳ್ಳಿಯ ಆ ಕಸೂತಿ ಶೆಡ್ಡಿನಲ್ಲಿ ಇನ್ನೂ ಡಾಸ್ ಕಾಲದ ಕಂಪ್ಯೂಟರಿದೆ. ಮೆಷಿನ್ನಿಗೆ ಡಿಸೈನ್ ಕಳಿಸುವುದು ಅದೇ. ಅವತ್ತು ಬೆಳಗ್ಗೆಯಿಂದ ಮೆಮೊರಿ ಸಾಲದು ಅಂತ ಹಟ ಹಿಡಿದಿತ್ತು. ಸಂಜೆಯೊಳಗೆ ಸ್ಕೂಲ್ ಬ್ಯಾಡ್ಜುಗಳು ಹೋಗಬೇಕು. ರಿಪೇರಿಗೆ ಬಂದ ನನಗೋ ಕೆಂಗೇರಿಯಿಂದ ಇನ್ನೊಬ್ಬ ಗಿರಾಕಿಯ ಫೋನ್ ಮೇಲೆ ಫೋನ್. ನಿಂತಲ್ಲಿ ನಿಲ್ಲಲಾಗದೆ ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿ ರೀಸ್ಟಾರ್ಟ್ ಮಾಡುತ್ತಲೇ ಇದ್ದೆ. ಎಂಟನೇ ಸಲವೂ ಅದೇ ರಾಗ.

ಮೆಷಿನ್ ನಡೆಸುವ ಗದಗಿನ ಶಾಂತಕ್ಕ ದಾರ ಸುತ್ತುತ್ತಾ ಅಂದರು: "ಸರ್, ಮೊದಲೆಲ್ಲ ದಿನಾ ಕರೆಂಟ್ ಹೋಗ್ತಿತ್ತು, ಆವಾಗ ಇದು ಛಲೋ ಇತ್ರಿ. ನೀವು ಯುಪಿಎಸ್ ಕೂಡಿಸಿದ ಮ್ಯಾಲೆ ರಾತ್ರಿ ಸೈತ ಆರಿದ್ದ ಇಲ್ಲ. ಆವಾಗಿಂದ ಹಿಂಗ."

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಕ್ಕಾ," ಅಂದೆ, ಸ್ವಲ್ಪ ಜೋರಾಗೇ.

ಅಂದ ಮೇಲೆ ಕೈ ನಿಂತುಹೋಯಿತು. ಆ ಮೂರು ಕೀ ಒತ್ತಿದರೆ ಕರೆಂಟ್ ಕಡಿಯುವುದಿಲ್ಲ, ಮೆಮೊರಿಯಲ್ಲಿದ್ದದ್ದು ಪೂರ್ತಿ ಅಳಿಯುವುದೂ ಇಲ್ಲ. ಮೆಮೊರಿ ಹಂಚುವ ಹಳೇ ಪ್ರೋಗ್ರಾಮು ಅಲ್ಲೇ ಉಳಿದ ಹಿಂದಿನ ಗುರುತುಗಳನ್ನು ನಂಬಿಕೊಂಡು, ಜಾಗವೆಲ್ಲ ತುಂಬಿದೆ ಅನ್ನುತ್ತದೆ. ಕರೆಂಟ್ ಪೂರ್ತಿ ಹೋದರೇ ಅದು ಮರೆಯುವುದು. ದಿನಾ ಆ ಉಪಕಾರ ಮಾಡುತ್ತಿದ್ದದ್ದು ಪವರ್ ಕಟ್. ತಪ್ಪಿಸಿದವನು ನಾನು.

ಕಂಪ್ಯೂಟರಿನ ಸ್ವಿಚ್ಚನ್ನೇ ಆರಿಸಿ ಅರ್ಧ ನಿಮಿಷ ಕಾದೆ. ಅಷ್ಟು ಹೊತ್ತೂ ಶಾಂತಕ್ಕನ ಮುಖ ನೋಡಲಿಲ್ಲ. ಮತ್ತೆ ಹಾಕಿದರೆ ಮೆಷಿನ್ ಸುಮ್ಮನೆ ಹೊಲಿಯತೊಡಗಿತು.

"ಹಂಗಾರ ದಿನಾ ಕರೆಂಟ್ ನಾವ ತೆಗೀಬೇಕೇನ್ರಿ?"

"ಹೂಂ, ಬೆಳಗ್ಗೆ ಒಂದ್ಸಲ ತೆಗೀರಿ."

ಸರ್ವೀಸ್ ಚೀಟಿಯಲ್ಲಿ ಮಾತ್ರ 'ಸಾಫ್ಟ್‌ವೇರ್ ದೋಷ ಸರಿಪಡಿಸಲಾಗಿದೆ' ಅಂತ ಬರೆದು, ಶಾಂತಕ್ಕ ಅದನ್ನು ಓದುವ ಮೊದಲೇ ಗಾಡಿ ಸ್ಟಾರ್ಟ್ ಮಾಡಿದೆ.