ಎರಡು ಕಡೆಯಿಂದ ಹಾಕಿದ ರಂಗೋಲಿ

ಪಾರ್ವತಕ್ಕನ ರಂಗೋಲಿಗೆ ಎಡಭಾಗ ಇರುತ್ತಿರಲಿಲ್ಲ. ಬಲಕ್ಕೆ ತಾವರೆ, ಬಳ್ಳಿ, ಬಳ್ಳಿಯ ತುದಿಯಲ್ಲೊಂದು ಗಿಳಿ. ನಡುವಿಗೆ ಬಂದರೆ ಕತ್ತರಿಸಿದಂತೆ ನಿಂತುಬಿಡುತ್ತಿತ್ತು. ಅವರ ಮಟ್ಟಿಗೆ ಅದು ಪೂರ್ತಿಯಾಗಿರುತ್ತಿತ್ತು.

ಹೊಸದುರ್ಗದಲ್ಲಿ ಅವರದು ನಮ್ಮ ಎದುರುಮನೆ. ಭರಮಸಾಗರದ ಹತ್ತಿರ ಗಂಡನ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಯಿತು. ಕಣ್ಣು ಚೆನ್ನಾಗಿದೆ, ಮಿದುಳು ಎಡಗಡೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ ಎಂದರು ಡಾಕ್ಟರು. ತಟ್ಟೆಯ ಬಲಕ್ಕಿದ್ದ ಮುದ್ದೆ ಉಂಡು ಕೈತೊಳೆಯಲು ಏಳುತ್ತಿದ್ದರು. ಗಂಡ ರುದ್ರಪ್ಪ ತಟ್ಟೆ ತಿರುಗಿಸಿಟ್ಟರೆ, ಈ ಪಲ್ಯ ಯಾವಾಗ ಬಡಿಸಿದಿರಿ ಎಂದು ಕೇಳುತ್ತಿದ್ದರು.

ನಾನು ವ್ಯಾಯಾಮ ಶಿಕ್ಷಕನಾಗಿದ್ದವನು. ರಂಗೋಲಿಯ ಅಭ್ಯಾಸ ತಪ್ಪಬಾರದೆಂದು ಬೆಳಿಗ್ಗೆ ಆರಕ್ಕೆ ಅವರ ಬಾಗಿಲು ಬಡಿಯುತ್ತಿದ್ದೆ. "ಬಂದ್ರು ನೋಡ್ರಿ ಡ್ರಿಲ್ ಮೇಷ್ಟ್ರು, ಸೀಟಿ ಊದೋದೊಂದು ಬಾಕಿ" ಎನ್ನುತ್ತಲೇ ರಂಗೋಲಿ ಡಬ್ಬಿ ಹಿಡಿದು ಹೊರಬರುತ್ತಿದ್ದರು.

ಮಗಳ ಮದುವೆ ಗೊತ್ತಾದಾಗ ಚಪ್ಪರದ ರಂಗೋಲಿ ತಾನೇ ಹಾಕುವುದೆಂದು ಹಟ ಹಿಡಿದರು. ಅರ್ಧ ರಂಗೋಲಿ ಅಪಶಕುನ, ಬೀಗರು ಏನಂದಾರು ಎಂದು ಅವರ ನಾದಿನಿ ತಡೆದರು. ಒಂದು ಬೆಳಿಗ್ಗೆ ಉಳಿದರ್ಧವನ್ನು ತಾವೇ ತುಂಬಿಸಿಯೂ ಬಿಟ್ಟರು. ವಿಷಯ ತಿಳಿದ ಪಾರ್ವತಕ್ಕ ಇಡೀ ರಂಗೋಲಿಗೆ ನೀರು ಸುರಿದು ಒಳಗೆ ಹೋದರು.

ಮಧ್ಯಾಹ್ನ ಊಟಕ್ಕೆ ಕೂತಾಗ ರುದ್ರಪ್ಪ ಎಂದಿನಂತೆ ತಟ್ಟೆ ತಿರುಗಿಸಿದರಂತೆ. ಪಾರ್ವತಕ್ಕ ಆ ಕೈಯನ್ನೇ ನೋಡುತ್ತ ಕುಳಿತು, ಆಮೇಲೆ ಹೇಳಿದರಂತೆ: "ತಟ್ಟೆ ತಿರುಗ್ತೈತೆ, ಅಂಗಳ ತಿರುಗಲ್ಲ. ನಾನೇ ತಿರುಗ್ತೀನಿ."

ಮರುದಿನ ಅರ್ಧ ಹಾಕಿ ಎದ್ದರು. ಕೋಲೂರಿಕೊಂಡು ಸುತ್ತಿ ಬಂದು ಆಚೆ ಕಡೆ ಕುಳಿತರು. ಕಾಣದಿದ್ದ ಭಾಗ ಈಗ ಬಲಕ್ಕೆ ಬಂದಿತ್ತು. ಆದರೆ ಮೊದಲು ಹಾಕಿದ್ದು ಎಡಕ್ಕೆ ಸರಿದು ಮರೆಯಾಗಿತ್ತು. ಹಾಗಾಗಿ ಎರಡು ಕಡೆಯೂ ಒಂದಕ್ಕೊಂದು ಹೊಂದಲಿಲ್ಲ. ದಿನವೂ ಅಷ್ಟೇ.

ಮದುವೆಯ ದಿನ ಚಪ್ಪರದಡಿ ಒಂದು ಕಡೆ ತಾವರೆ ಅರಳಿತ್ತು, ಇನ್ನೊಂದು ಕಡೆ ನವಿಲು ನಿಂತಿತ್ತು. ಬೀಗಿತಿ ಬಂದವರೇ, ಎರಡು ಕಡೆ ಬೇರೆ ಬೇರೆ ಯಾಕೆ ಎಂದು ಕೇಳಿದರು. ನಾದಿನಿ ತಲೆ ತಗ್ಗಿಸಿದರು.

"ಇದು ಹೆಣ್ಣಿನ ಕಡೆ, ಅದು ಗಂಡಿನ ಕಡೆ. ಒಂದೇ ಥರ ಇರ್ತಾವೇನ್ರಿ?" ಎಂದರು ಪಾರ್ವತಕ್ಕ.

ಬೀಗಿತಿ ನಕ್ಕರು. "ಹಂಗಾದ್ರೆ ನವಿಲು ನಮ್ದು."

ಈಗ ಗಂಡ ಹೆಂಡತಿ ಇಬ್ಬರೂ ಧರ್ಮಪುರದಲ್ಲಿ ಮಗಳ ಮನೆಯ ಪಕ್ಕದಲ್ಲಿದ್ದಾರೆ. ಎದುರುಮನೆಗೆ ಬೇರೆ ಬಾಡಿಗೆಯವರು ಬಂದಿದ್ದಾರೆ. ಆರಕ್ಕೆ ಬಡಿಯಲು ನನಗೆ ಬಾಗಿಲಿಲ್ಲ. ಕಳೆದ ತಿಂಗಳು ನೋಡಲು ಹೋದಾಗ ಪಾರ್ವತಕ್ಕ ಇನ್ಯಾರದೋ ಮದುವೆಯ ಚಪ್ಪರದಲ್ಲಿ ರಂಗೋಲಿ ಹಾಕುತ್ತ ಕುಳಿತಿದ್ದರು, ಊರಿನವರು ಕರೆಯುತ್ತಾರಂತೆ. ಬಸ್ಸಿಗೆ ಹೊತ್ತಾಯಿತು, ಹೊರಡುತ್ತೇನೆ ಎಂದೆ.

"ಇನ್ನೊಂದು ಕಡೆ ಬಾಕಿ ಐತೆ, ಕುಂತ್ಕಳ್ರಿ ಮೇಷ್ಟ್ರೆ" ಎನ್ನುತ್ತ ಅವರು ಕೋಲು ಹಿಡಿದು ಎದ್ದರು.

ಬಸ್ಸು ಹೋಯಿತು. ನಾನು ಕುಳಿತೇ ಇದ್ದೆ.